ಗದ್ದದ ಪಟ್ಟಿ

ಆ ಭಾನುವಾರ ನನ್ನ ಹೆಂಡತಿ ನನ್ನ ಮಿಷನ್ನಿನ ಪೈಪನ್ನು ತೊಳೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದ್ದಳು. ನನ್ನ ಬನಿಯನ್ನುಗಳು, ಮಗಳ ದುಪಟ್ಟಾ, ನಡುವೆ ಬೂದು ಬಣ್ಣದ ಆ ಉದ್ದ ಪೈಪು. ಎದುರು ಬಿಲ್ಡಿಂಗಿನ ಗುಜರಾತಿ ಹೆಂಗಸು ಪ್ರತಿ ವಾರವೂ ಅದನ್ನು ನೋಡುತ್ತಿದ್ದವಳು ಅಂದು ಕೇಳಿಯೇ ಬಿಟ್ಟಳು, ವಾಷಿಂಗ್ ಮಿಷನ್ ಹಾಳಾಗಿದೆಯಾ ಎಂದು. "ನಹೀ ನಹೀ, ಯೇ ಮೇರೇ ಆದ್ಮೀ ಕಾ ಹೈ" ಎಂದು ಇವಳು ಕೂಗಿ ಹೇಳಿದಳು. ಗಂಡನದು ಎಂದರೆ ಆಕೆಗೆ ಏನು ಅರ್ಥವಾಯಿತೋ, ಸರಸರನೆ ಒಳಗೆ ಹೋದಳು. ಇವಳು ಅಡಿಗೆ ಮನೆಗೆ ಬಂದು ಬಹಳ ಹೊತ್ತು ಒಬ್ಬಳೇ ನಗುತ್ತಿದ್ದಳು.

ನನಗೆ ಸ್ಲೀಪ್ ಆಪ್ನಿಯಾ ಇದೆ. ನಿದ್ದೆ ಹತ್ತಿದ ಮೇಲೆ ಗಂಟಲು ಒಳಗಿನಿಂದ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಬೆಚ್ಚಿದ ಹಾಗಾಗಿ ಮತ್ತೆ ಶುರುವಾಗುತ್ತದೆ. ರಾತ್ರಿಯೆಲ್ಲ ಹೀಗೇ. ಮಲಗಿದವನಿಗೆ ಇದು ತಿಳಿಯುವುದಿಲ್ಲ. ನನಗೆ ತಿಳಿದದ್ದು ಹಗಲಿನ ತೂಕಡಿಕೆ. ಬಾಂದ್ರಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಚಿಕ್ಕಂದಿನಲ್ಲಿ ಉಡುಪಿ ಕಡೆಯಿಂದ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ನಿಧಾನವಾಗಿ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೆ ಬಂದವನು. ಆ ಕುರ್ಚಿಯಲ್ಲಿ ಗಿರಾಕಿಯ ಚಿಲ್ಲರೆ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗತೊಡಗಿದಾಗ ಹೆಂಡತಿಯೇ ನನ್ನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಇವರು ಮಲಗಿದಲ್ಲೇ ಸತ್ತು ಸತ್ತು ಬದುಕುತ್ತಾರೆ ಎಂದು ಅವಳ ಹಿಂದಿಯಲ್ಲಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಪರೀಕ್ಷೆ ಮಾಡಿಸಿ ಮಿಷನ್ ಬರೆದುಕೊಟ್ಟರು. ಮೂಗಿಗೆ ಒಂದು ಮಾಸ್ಕ್, ಅದಕ್ಕೊಂದು ಪೈಪು, ಪೈಪಿನ ಇನ್ನೊಂದು ತುದಿಗೆ ಗಾಳಿ ಒತ್ತಿ ಕಳಿಸುವ ಪೆಟ್ಟಿಗೆ. ಆ ಗಾಳಿ ಗಂಟಲನ್ನು ತೆರೆದಿಡುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ನೀರಿನ ಡಬ್ಬಿ, ಗಾಳಿ ಒಣಗಿರಬಾರದು ಎಂದು.

ಮಿಷನ್ ನನಗೆ ಹಿಡಿಸಿತು. ಅವಳಿಗೆ ಒಂದೇ ದೂರು. ನಾವು ಉಸಿರು ಬಿಟ್ಟ ಗಾಳಿ ಮಾಸ್ಕಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಪಕ್ಕದಲ್ಲಿ ಮಲಗಿದವರ ಮೇಲೆ ಬೀಸುತ್ತದೆ.

"ಹೋಯ್, ನಿಮ್ಮ ಮಿಷನ್ನಿನ ಗಾಳಿ ಎಲ್ಲ ನನ್ನ ಕುತ್ತಿಗೆಗೆ ಬರ್ತದೆ. ಆಚೆ ತಿರುಗಿ ಮಲಗಿ."

"ಎ.ಸಿ. ಬೇಕು ಬೇಕು ಅಂತ ಹೇಳ್ತಿದ್ದದ್ದು ನೀನೇ ಅಲ್ವಾ ಮಾರಾಯ್ತಿ?"

"ಎ.ಸಿ. ಗೊರಕೆ ಹೊಡೆಯುದಿಲ್ಲ. ತಿರುಗಿ."

ನಾನು ಗೋಡೆಯ ಕಡೆಗೆ ತಿರುಗುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನಕ್ಕೆ ಬಂಗುಡೆ ಸಾರು ಇತ್ತು. ಸಂಜೆ ಇಬ್ಬರೂ ಬೊರಿವಲಿ ಸ್ಟೇಷನ್ನಿನ ಕಡೆ ಹೋಗಿ ತರಕಾರಿ ತಂದೆವು. ಮೆಂತ್ಯದ ಕಟ್ಟನ್ನು ಮೂಸಿ ನೋಡಿ, ಇದು ನಿನ್ನೆಯದು ಎಂದು ಮರಾಠಿಯಲ್ಲಿ ಜಗಳ ಮಾಡಿ, ಕೊನೆಗೆ ಅದನ್ನೇ ತೆಗೆದುಕೊಂಡಳು. ಮನೆಗೆ ಬಂದು ಕಾಯಿಸಿ ಆರಿಸಿದ ನೀರನ್ನು ಡಬ್ಬಿಗೆ ತುಂಬಿದಳು. ಪವಾಯಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಮರುದಿನಕ್ಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ವಿಶೇಷ ಏನೂ ಆಗಲಿಲ್ಲ.

ಸೋಮವಾರ ನಾನು ಹೋಟೆಲಿನಲ್ಲಿದ್ದಾಗ ಕೆಳಗಿನ ಮಹಡಿಯ ದೊಡ್ಡಮ್ಮ ಫೋನ್ ಮಾಡಿದರು. ಅವರು ನಮ್ಮ ಊರಿನ ಕಡೆಯ ಹಿರಿಯರು, ಬಿಲ್ಡಿಂಗಿನಲ್ಲಿ ಕನ್ನಡದವರೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಹೆಂಡತಿ ಅಡಿಗೆ ಮನೆಯಲ್ಲಿ ಬಿದ್ದಿದ್ದಳು. ನಾನು ಲೋಕಲ್ ಹಿಡಿದು ಬರುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಮೆದುಳಿನ ನರ ಒಡೆದಿದೆ ಎಂದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು.

ಮನೆಗೆ ತಂದಾಗ ಅವಳ ಗದ್ದಕ್ಕೆ ಆಸ್ಪತ್ರೆಯವರು ಬ್ಯಾಂಡೇಜಿನ ಬಟ್ಟೆ ಕಟ್ಟಿದ್ದರು. ಅದು ಸಡಿಲವಾಗಿ ಬಾಯಿ ಸ್ವಲ್ಪ ತೆರೆದಿತ್ತು. ದೊಡ್ಡಮ್ಮ ನೋಡಿ, "ಇದು ಗಾಯಕ್ಕೆ ಕಟ್ಟಿದ ಹಾಗೆ ಕಾಣ್ತದೆ. ತೆಗಿಯಿರಿ. ಒಳ್ಳೆ ಬಟ್ಟೆ ಕೊಡಿ" ಎಂದರು. ನನ್ನ ಹೊಸ ಪಂಚೆಯ ಅಂಚಿನಿಂದ ಒಂದು ಪಟ್ಟಿ ಹರಿದೆ. ದೊಡ್ಡಮ್ಮ ಹೇಳಿದ ಹಾಗೆ ಅಂಗೈಯಿಂದ ಗದ್ದವನ್ನು ಮೇಲಕ್ಕೆ ಒತ್ತಿ ಹಿಡಿದೆ. ಅವರು ಪಟ್ಟಿಯನ್ನು ಗದ್ದದ ಅಡಿಯಿಂದ ತಂದು, ಕಿವಿಗಳ ಪಕ್ಕದಲ್ಲಿ ಮೇಲಕ್ಕೆತ್ತಿ, ನೆತ್ತಿಯ ಮೇಲೆ ಗಂಟು ಹಾಕಿದರು. ಗಟ್ಟಿ ಕಟ್ಟಬೇಕಾಯಿತು. ಮಗಳು ಬಾಗಿಲಿನ ಹತ್ತಿರ ನಿಂತಿದ್ದಳು.

ಉತ್ತರಕ್ರಿಯೆ ಮುಗಿಯುವವರೆಗೆ ನಾನು ಮಿಷನ್ ಹಾಕಲಿಲ್ಲ. ಮನೆ ತುಂಬ ನೆಂಟರು, ಹೊರಗಿನ ಹಾಲ್‌ನಲ್ಲಿ ಚಾಪೆ ಹಾಕಿ ಎಲ್ಲರ ಜೊತೆ ಮಲಗುತ್ತಿದ್ದೆ. ಅವರೆಲ್ಲ ಊರಿಗೆ ಹೋದ ಮೇಲೆ ಮಗಳು ತಾನೇ ಡಬ್ಬಿಗೆ ನೀರು ತುಂಬಿ, "ಪಪ್ಪಾ, ಆಜ್ ಸೇ ಲಗಾವೋ" ಎಂದಳು. ಇವತ್ತಿನಿಂದ ಹಾಕಿ ಎಂದು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಆಡುವಾಗ ಅರ್ಧ ಹಿಂದಿ.

ಆ ಮೊದಲನೆಯ ಬೆಳಿಗ್ಗೆ ನನಗೆ ಎಚ್ಚರವಾದಾಗ ಬಾಯಿ ನನ್ನದಲ್ಲ ಅನ್ನಿಸಿತು. ನಾಲಿಗೆ ಮೇಲಿನ ಅಂಗುಳಿಗೆ ಅಂಟಿ ಕೂತಿತ್ತು. ಬೆರಳು ಹಾಕಿ ಬಿಡಿಸಬೇಕಾಯಿತು. ತುಟಿಯ ಮೂಲೆಗಳು ಒಡೆದಿದ್ದವು. ನುಂಗಲು ಎಂಜಲೇ ಇರಲಿಲ್ಲ. ತೆಂಗಿನ ಸಿಪ್ಪೆಯ ನಾರನ್ನು ಬಾಯಿಗೆ ತುರುಕಿ ಇಟ್ಟು, ಬೆಳಿಗ್ಗೆ ತೆಗೆದರೆ ಹೇಗೋ ಹಾಗೆ. ನೀರು ಕುಡಿದರೆ ನೀರು ಒಳಗೆ ಹೋಗುತ್ತಿತ್ತು, ಒಣಗಿದ್ದು ಒಣಗಿಯೇ ಇರುತ್ತಿತ್ತು.

ಇದು ದಿನವೂ ಆಯಿತು. ಮೂಗಿಗೆ ಬಂದ ಗಾಳಿ ತೆರೆದ ಬಾಯಿಯಿಂದ ಹೊರಗೆ ಹೋಗುತ್ತದೆ, ಹೋಗುವಾಗ ಬಾಯಿಯ ಪಸೆಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಇದನ್ನು ಆಮೇಲೆ ಕ್ಲಿನಿಕ್ಕಿನಲ್ಲಿ ತಿಳಿಸಿಕೊಟ್ಟರು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ಮೊದಲು ಹೀಗೆ ಆಗುತ್ತಿರಲಿಲ್ಲ.

ಮಗಳಿಗೆ ಆ ದಿನಗಳಲ್ಲಿ ಒಂದು ಅಭ್ಯಾಸ ಶುರುವಾಗಿತ್ತು. ಬೆಳಿಗ್ಗೆ ಎದ್ದವಳು ನನ್ನ ಕೋಣೆಯ ಹೊರಗೆ ನಿಂತು "ಪಪ್ಪಾ?" ಎಂದು ಕರೆಯುತ್ತಿದ್ದಳು. ನಾನು ಹೂಂ ಅನ್ನಬೇಕು. ಹೂಂ ಅಂದರೆ ಅವಳು ಸ್ನಾನಕ್ಕೆ ಹೋಗುತ್ತಾಳೆ. ಬಾಯಿ ಒಣಗಿದ ಮೇಲೆ ನನ್ನಿಂದ ಹೂಂ ಕೂಡ ಹೊರಡದಾಯಿತು. ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಒಮ್ಮೆ ಉತ್ತರ ಬಾರದೆ ಬಾಗಿಲು ದೂಡಿಕೊಂಡು ಓಡಿ ಬಂದಳು. ನಾನು ಮಂಚದಲ್ಲಿ ಕೂತು ಲೋಟ ಹುಡುಕುತ್ತಿದ್ದೆ. ನನ್ನನ್ನು ನೋಡಿ ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳ ಮುಖ ನೋಡಿ ಆವತ್ತಿನಿಂದ ನಾನು ಮಂಚದ ಮರಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯತೊಡಗಿದೆ. ಅವಳಿಗೆ ಅದು ಸಾಕಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹೋಟೆಲಿನಲ್ಲಿ ಇದರ ಕತೆಯೇ ಬೇರೆಯಾಯಿತು. ನಮ್ಮಲ್ಲಿ ಒಂದು ಕ್ರಮ ಇದೆ. ಶಟರ್ ಎತ್ತುವ ಮೊದಲು ಚಟ್ನಿ, ಸಾಂಬಾರು ಮ್ಯಾನೇಜರನ ಅಂಗೈಗೆ ಬರಬೇಕು. ಅಡಿಗೆಯ ಭಟ್ಟರು ಸೌಟಿನಿಂದ ಒಂದು ತೊಟ್ಟು ಬಿಡುತ್ತಾರೆ, ನಾನು ನೆಕ್ಕಿ ಆಯಿತು ಅಂದರೆ ಆಯಿತು. ಭಟ್ಟರು ತಾವು ರುಚಿ ನೋಡುವುದಿಲ್ಲ, ಮಾಡಿದವನ ನಾಲಿಗೆಗೆ ತಪ್ಪು ಗೊತ್ತಾಗುವುದಿಲ್ಲ ಎಂದು ಅವರ ವಾದ. ಒಂದು ಬೆಳಿಗ್ಗೆ ನಾನು ಚಟ್ನಿ ನೆಕ್ಕಿ ಆಯಿತು ಎಂದೆ. ಸ್ವಲ್ಪ ಹೊತ್ತಿಗೆ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಚಟ್ನಿಯ ವಾಟಿಯನ್ನು ಆಚೆ ದೂಡತೊಡಗಿದರು. ಉಪ್ಪು ಎರಡು ಸಲ ಬಿದ್ದಿತ್ತು.

ಭಟ್ಟರು ಗಲ್ಲಾದ ಹತ್ತಿರ ಬಂದು ಕೈ ಕಟ್ಟಿ ನಿಂತರು. "ಎಂತ ಅಣ್ಣ, ಇವತ್ತು ಅರಬ್ಬಿ ಸಮುದ್ರವನ್ನೇ ಪಾಸ್ ಮಾಡಿದಿರಲ್ಲ?"

"ಭಟ್ರೇ, ನನಗೆ ಬೆಳಿಗ್ಗೆ ನಾಲಿಗೆಯೇ ಇರುದಿಲ್ಲ."

"ಮತ್ತೆ ಹೇಳ್ಬೇಕಿತ್ತಲ್ಲ. ನಾನು ನಿಮ್ಮ ನಾಲಿಗೆ ನಂಬಿ ಇಲ್ಲಿ ಬಂಡಿ ಎಳೀತಾ ಇದ್ದೇನೆ."

ನಾನು ಬಾಯಿ ಒಣಗುವ ವಿಷಯ ಹೇಳಿದೆ. ಅವರ ನಗೆ ನಿಂತಿತು. ಮಲಗುವ ಮೊದಲು ಲಾವಂಚದ ಬೇರು ಹಾಕಿ ಕುದಿಸಿದ ನೀರು ಕುಡಿಯಿರಿ, ಬಾಯಿಗೆ ತಂಪು ಎಂದರು. ನಮ್ಮ ಹೋಟೆಲಿನಲ್ಲಿ ಬೇಸಿಗೆಗೆ ಗಿರಾಕಿಗಳಿಗೆ ಕೊಡುವುದೂ ಅದೇ ನೀರು. ಒಂದು ಹಿಡಿ ಬೇರನ್ನು ಕಾಗದದಲ್ಲಿ ಕಟ್ಟಿಯೂ ಕೊಟ್ಟರು.

ಕುಡಿದೆ. ಪ್ರಯೋಜನ ಆಗಲಿಲ್ಲ. ಆಗ ನಾನೇ ಒಂದು ಲೆಕ್ಕ ಹಾಕಿದೆ. ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ, ಬಾಯಿಗೆ ರಾತ್ರಿಯೆಲ್ಲ ಬರುವುದು ಮಿಷನ್ನಿನ ಗಾಳಿ. ಹಾಗಾದರೆ ಲಾವಂಚದ ನೀರು ಮಿಷನ್ನಿನ ಡಬ್ಬಿಯಲ್ಲೇ ಇರಬೇಕು. ಶೋಧಿಸಿ ತುಂಬಿದೆ. ಮನೆ ತುಂಬ ಪರಿಮಳ ಬಂತು. ತುಟಿ ಒಡೆದದ್ದಕ್ಕೆ ನನ್ನ ಅಮ್ಮನ ಮದ್ದು ಗೊತ್ತೇ ಇತ್ತು, ತೆಂಗಿನೆಣ್ಣೆ. ತುಟಿಗೆ, ಮೂಗಿನ ಸುತ್ತ, ಮೂಗಿನ ಹೊಳ್ಳೆಯ ಒಳಗೂ ಸವರಿಕೊಂಡು ಮಾಸ್ಕ್ ಹಾಕಿದೆ. ಮಾಸ್ಕ್ ಎಣ್ಣೆಯ ಮೇಲೆ ಜಾರಿ ಜಾರಿ ಕೆನ್ನೆಗೆ ಹೋಗುತ್ತಿತ್ತು, ಬದಿಯಿಂದ ಗಾಳಿ ಪುಸ್ ಪುಸ್ ಎಂದು ಕಣ್ಣಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಕಣ್ಣೂ ಒಣಗಿರುತ್ತಿತ್ತು.

"ಪಪ್ಪಾ, ಪೂರಾ ಘರ್ ಹೋಟೆಲ್ ಜೈಸಾ ಸ್ಮೆಲ್ ಕರ್ ರಹಾ ಹೈ," ಮನೆಯೆಲ್ಲ ಹೋಟೆಲಿನ ವಾಸನೆ ಎಂದು ಮಗಳು ಮೂಗು ಹಿಡಿದುಕೊಂಡು, ಮಿಷನ್ನನ್ನು ಚೀಲಕ್ಕೆ ಹಾಕಿಕೊಂಡು ನನ್ನನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿ ಮಿಷನ್ ನೋಡಿಕೊಳ್ಳುವ ಒಬ್ಬಳು ಮರಾಠಿ ಹೆಣ್ಣುಮಗಳು ಇದ್ದಾಳೆ. ಡಬ್ಬಿಯನ್ನು ತೆರೆದು ಮೂಸಿದಳು. ತಳದಲ್ಲಿ ಕಂದು ಬಣ್ಣದ ಗೆರೆ ಕಟ್ಟಿತ್ತು. ಮಾಸ್ಕಿನ ಮೆತ್ತನೆಯ ಅಂಚನ್ನು ಬೆರಳಿನಿಂದ ಒತ್ತಿದಳು, ಬೆರಳು ಜಾರಿತು.

"ಅಂಕಲ್, ಯೇ ಮಿಷನ್ ಹೈ ಯಾ ಆಯುರ್ವೇದ್ ಕೀ ದುಕಾನ್?"

ಇದು ಮಿಷನ್ನೋ, ಆಯುರ್ವೇದದ ಅಂಗಡಿಯೋ ಎಂದು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ಎಷ್ಟೋ ದಿನಗಳ ನಂತರ ನೋಡಿದ್ದು. ಅದಕ್ಕಾಗಿ ನಾನು ಇನ್ನೊಂದು ಹಿಡಿ ಬೇರು ಹಾಕುವವನಿದ್ದೆ.

ಆಕೆ ತಾಳ್ಮೆಯಿಂದ ಹೇಳಿದಳು. ಡಬ್ಬಿಗೆ ಶುದ್ಧ ನೀರು ಬಿಟ್ಟು ಬೇರೆ ಏನೂ ಹಾಕಬಾರದು, ಅದರ ಗಾಳಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಎಣ್ಣೆ ಹಚ್ಚಿದರೆ ಮಾಸ್ಕ್ ನಿಲ್ಲುವುದಿಲ್ಲ, ಅದರ ಅಂಚೂ ಬೇಗ ಹಾಳಾಗುತ್ತದೆ. ಬಾಯಿ ಒಣಗುವುದಕ್ಕೆ ಕಾರಣ ಬಾಯಿ ತೆರೆದುಕೊಳ್ಳುವುದು. ಹೀಗೆಂದು ಒಂದು ಡ್ರಾಯರಿನಿಂದ ಕಪ್ಪು ಬಣ್ಣದ, ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿಯೊಂದನ್ನು ತೆಗೆದಳು. ತನ್ನ ಗದ್ದದ ಅಡಿಗೆ ಇಟ್ಟು, ಕಿವಿಗಳ ಪಕ್ಕದಿಂದ ನೆತ್ತಿಗೆ ಎಳೆದು ತೋರಿಸಿದಳು. ರಾತ್ರಿ ಇದನ್ನು ಕಟ್ಟಿಕೊಂಡರೆ ಬಾಯಿ ಮುಚ್ಚಿರುತ್ತದೆ, ಬಹಳ ಜನ ಹಾಕುತ್ತಾರೆ ಎಂದಳು.

ನಾನು ಮಗಳ ಕಡೆ ನೋಡಲಿಲ್ಲ. ಅವಳು ಆಗ ಫೋನಿನಲ್ಲಿ ಆಫೀಸಿನ ಯಾರಿಗೋ ಉತ್ತರಿಸುತ್ತಿದ್ದಳು, ಪಟ್ಟಿಯನ್ನು ಸರಿಯಾಗಿ ನೋಡಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಬಂದೆವು.

ಪಟ್ಟಿಯನ್ನು ಕಪಾಟಿನ ಒಳಗೆ ಇಟ್ಟೆ. ರಾತ್ರಿ ಕೈಗೆ ತೆಗೆದುಕೊಳ್ಳುವುದು, ಮತ್ತೆ ಇಡುವುದು. ನಾನು ಹೆದರಿದ್ದು ಸಾವಿಗೆ ಅಲ್ಲ. ಅದನ್ನು ಗದ್ದಕ್ಕೆ ಮುಟ್ಟಿಸಿದರೆ ಸಾಕು, ನನ್ನ ಅಂಗೈಗೆ ಅವಳ ಗದ್ದದ ತಣ್ಣನೆಯ ಭಾರ ಮತ್ತೆ ಬರುತ್ತಿತ್ತು. ನಾನು ಒತ್ತಿ ಹಿಡಿದದ್ದು, ಅದು ಮತ್ತೆ ಕೆಳಗೆ ಬಂದದ್ದು, ಮತ್ತೆ ಒತ್ತಿದ್ದು.

"ಪಟ್ಟೀ ಲಗಾಯಾ?" ಎಂದು ಮಗಳು ಕೇಳುತ್ತಿದ್ದಳು.

"ನಾಳೆ ಹಾಕುವಾ."

ಒಂದು ಬುಧವಾರ ರಜೆ ಹಾಕಿದ್ದೆ. ಮಧ್ಯಾಹ್ನ ಊಟದ ಮೇಲೆ, ಬೆಳಕಿನಲ್ಲಾದರೂ ಹಾಕಿ ನೋಡೋಣ ಎಂದುಕೊಂಡೆ. ಮಗಳು ಆಫೀಸಿನಲ್ಲಿದ್ದಳು. ಮೂಗಿಗೆ ಮಾಸ್ಕ್ ಇಟ್ಟೆ, ಕಪ್ಪು ಪಟ್ಟಿಯನ್ನು ಗದ್ದದಿಂದ ನೆತ್ತಿಗೆ ಎಳೆದೆ, ಅಂಗಾತ ಮಲಗಿದೆ. ಕೈಗಳನ್ನು ಎಲ್ಲಿಡುವುದು ತಿಳಿಯದೆ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ನಿದ್ದೆ ಬಂತು. ಒಳ್ಳೆಯ ನಿದ್ದೆಯೇ.

ಪವಾಯಿಯಲ್ಲಿ ಆ ದಿನ ಏನೋ ಕರೆಂಟಿನ ತೊಂದರೆ ಎಂದು ಆಫೀಸಿನವರನ್ನು ಬೇಗ ಬಿಟ್ಟಿದ್ದರು. ಎಚ್ಚರವಾದದ್ದು ಯಾರೋ ನನ್ನ ತಲೆಯಿಂದ ಪಟ್ಟಿಯನ್ನು ಕೂದಲ ಸಮೇತ ಕಿತ್ತಾಗ. ಮಗಳು ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದಳು. ಆಫೀಸಿನ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಯೇ ನಹೀ," ಎಂದಳು. "ಪಪ್ಪಾ, ಯೇ ನಹೀ. ಕುಛ್ ಭೀ ಕರೋ, ಯೇ ನಹೀ." ಏನು ಬೇಕಾದರೂ ಮಾಡಿ, ಇದು ಬೇಡ.

ನಾನು ಮಾಸ್ಕ್ ತೆಗೆದು ಕೂತೆ. ಮಿಷನ್ ತನ್ನಷ್ಟಕ್ಕೆ ಗಾಳಿ ಬಿಡುತ್ತಿತ್ತು, ಅದನ್ನು ನಿಲ್ಲಿಸಿದೆ. ಅವಳು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನೆಲ ನೋಡುತ್ತಾ ಕೇಳಿದಳು. ಈ ಸಲ ಕನ್ನಡದಲ್ಲೇ, ಒಂದೊಂದೇ ಶಬ್ದ ಹುಡುಕಿ.

"ಮಮ್ಮಿಗೆ ಯಾಕೆ ಕಟ್ಟಿದ್ದು?"

ಅವಳಿಗೆ ಇದು ಗೊತ್ತಿರಬಹುದು ಎಂದು ನಾನು ತಿಳಿದಿದ್ದೆ. ನಮ್ಮ ಊರಿನಲ್ಲಿ ಬೆಳೆದ ಮಕ್ಕಳು ಯಾರದಾದರೂ ಮನೆಯಲ್ಲಿ ನೋಡಿರುತ್ತಾರೆ. ಇವಳು ಹುಟ್ಟಿದ್ದು, ಬೆಳೆದದ್ದು ಬೊರಿವಲಿಯಲ್ಲಿ. ಅವಳು ಹತ್ತಿರದಿಂದ ನೋಡಿದ ಮೊದಲನೆಯ ಸಾವು ಅವಳ ತಾಯಿಯದೇ.

"ಜೀವ ಹೋದ ಮೇಲೆ ಬಾಯಿ ತೆರೆದುಕೊಳ್ತದೆ ಮಗಾ. ಮೈ ಗಟ್ಟಿಯಾಗುವ ಮೊದಲು ಕಟ್ಟದಿದ್ದರೆ ಹಾಗೇ ಉಳೀತದೆ. ನೋಡಲಿಕ್ಕೆ ಬಂದವರಿಗೆ ಮುಖ ಅವಳದೇ ಹಾಗೆ ಇರ್ಲಿ ಅಂತ ಕಟ್ಟುದು."

"ಬಸ್ ಇತ್ನಾ?" ಇಷ್ಟೇಯಾ ಎಂದು.

"ಇಷ್ಟೇ."

"ನನಗೆ ಅನ್ನಿಸ್ತು, ಅವಳು ಏನೋ ಹೇಳ್ಬೇಕು ಅಂತ ಇದ್ಳು. ಬಾಯಿ ಓಪನ್ ಇತ್ತು. ಆಪ್ ಲೋಗೋಂ ನೇ ಬಂದ್ ಕರ್ ದಿಯಾ."

ನೀವೆಲ್ಲ ಸೇರಿ ಮುಚ್ಚಿಬಿಟ್ಟಿರಿ. ಇಷ್ಟು ದಿನ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇವಳು ಪವಾಯಿಗೆ ಹೋಗಿ ಬರುತ್ತಿದ್ದಳು, ನನಗೆ ಟಿಫಿನ್ ಕಟ್ಟುತ್ತಿದ್ದಳು. ಹಾಗಲ್ಲ, ಅವಳು ಆಗಲೇ ಇರಲಿಲ್ಲ ಎಂದೆ. ಅದನ್ನು ಎರಡು ಮೂರು ಸಲ ಹೇಳಬೇಕಾಯಿತು. ನನಗೂ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ಪಟ್ಟಿ ಕಸದ ಡಬ್ಬಿಗೆ ಹೋಯಿತು. ಅದರ ಜೊತೆಗೆ ನಾನು ಮಿಷನ್ನನ್ನೂ ಬಿಟ್ಟೆ. ಪಟ್ಟಿ ಇಲ್ಲದೆ ಬಾಯಿ ಒಣಗುತ್ತದೆ, ಪಟ್ಟಿ ಮನೆಗೆ ಬರುವ ಹಾಗಿಲ್ಲ, ಹಾಗಾದರೆ ಮಿಷನ್ನೇ ಬೇಡ ಎಂದು. ಬೆಳಿಗ್ಗೆ ಬಾಯಿ ಸ್ವಲ್ಪ ಹಸಿಯಾಗಿಯೇ ಇರುತ್ತಿತ್ತು, ಚಟ್ನಿಯ ಉಪ್ಪೂ ತಿಳಿಯುತ್ತಿತ್ತು. ಭಟ್ಟರು, "ಬಂತಾ ನಾಲಿಗೆ ಊರಿಂದ?" ಎಂದು ಕೇಳಿದರು. ಆದರೆ ತೂಕಡಿಕೆ ಹಿಂದಿರುಗಿತು. ಮಗಳಿಗೆ ಮಾತ್ರ ಹಾಕಿಕೊಂಡೆ ಎನ್ನುತ್ತಿದ್ದೆ. ಅವಳು ನಂಬಿರಲಿಲ್ಲ. ಗೋಡೆಯಾಚೆಯಿಂದ ನನ್ನ ಗೊರಕೆ ಕೇಳುತ್ತಿತ್ತು, ಅದು ನಿಂತಾಗ ನಿಂತದ್ದೂ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಬೊರಿವಲಿಯಲ್ಲಿ ಲೋಕಲ್ ಹತ್ತಿ, ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಂತವನಿಗೆ ಬಾಂದ್ರಾ ಬಂದದ್ದು ತಿಳಿಯಲಿಲ್ಲ. ಯಾರೋ ಭುಜ ಅಲುಗಾಡಿಸಿ, "ಚಾಚಾ, ಗಾಡಿ ಖಾಲೀ ಹೋ ಗಯೀ" ಎಂದರು. ಚರ್ಚ್‌ಗೇಟ್. ನಿಂತಲ್ಲೇ ನಿದ್ದೆ ಹೋಗಿ ಕೊನೆಯ ಸ್ಟೇಷನ್ನಿಗೆ ಬಂದಿದ್ದೆ. ಹೋಟೆಲಿನವರು ನಾನು ಬಾರದ್ದು ನೋಡಿ ನನಗೆ ಫೋನ್ ಮಾಡಿ, ನಾನು ಎತ್ತದಿದ್ದಾಗ ಮಗಳಿಗೆ ಮಾಡಿದ್ದರು. ಬಾಗಿಲ ಪಕ್ಕ ನಿಂತಿದ್ದೆ ಎಂಬುದನ್ನು ನಾನು ಅವಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಸಂಜೆ ಅವಳು ಕೂಗಾಡಲಿಲ್ಲ. ಊಟಕ್ಕೆ ಬಡಿಸಿ, ತಾನೂ ಕೂತು, ಅನ್ನ ಕಲಸುತ್ತಾ ಹೇಳಿದಳು.

"ಪಪ್ಪಾ, ಮಮ್ಮಿಗೆ ಕಟ್ಟಿದ ಹಾಗೆ ನಿಮಗೆ ನಾನು ಕಟ್ಟಲಿಕ್ಕೆ ಆಗುದಿಲ್ಲ."

ನಾನು ಕೈ ತೊಳೆದು ಬಂದು, ನಾಳೆ ಕ್ಲಿನಿಕ್ಕಿಗೆ ಹೋಗೋಣ ಎಂದೆ.

ಈ ಸಲ ಮಗಳೇ ಮಾತು ಶುರು ಮಾಡಿದಳು. ಗದ್ದದ ಪಟ್ಟಿ ನಮ್ಮ ಮನೆಯಲ್ಲಿ ಆಗುವುದಿಲ್ಲ, ಬೇರೆ ಏನಾದರೂ ದಾರಿ ಹೇಳಿ ಎಂದಳು. ಕಾರಣ ಹೇಳಲಿಲ್ಲ. ಮಿಷನ್ ನೋಡುವ ಹೆಣ್ಣುಮಗಳೂ ಕೇಳಲಿಲ್ಲ. ಆಕೆ ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಿದಳು. ಮೊದಲು ಇದೇ ಮಾಸ್ಕಿನಲ್ಲಿ ತೊಂದರೆ ಇರಲಿಲ್ಲವಲ್ಲ, ಮಲಗುವ ರೀತಿ ಏನಾದರೂ ಬದಲಾಗಿದೆಯಾ ಎಂದು.

ಯೋಚಿಸಿದೆ. ಬದಲಾಗಿತ್ತು. ಮೊದಲು ಬದಿಗೆ ಮಲಗುತ್ತಿದ್ದೆ, ಈಗ ಅಂಗಾತ ಮಲಗುತ್ತೇನೆ ಎಂದೆ.

"ಪೆಹಲೇ ಸೈಡ್ ಪೇ ಕ್ಯೋಂ ಸೋತೇ ಥೇ?"

ಮೊದಲು ಬದಿಗೆ ಯಾಕೆ ಮಲಗುತ್ತಿದ್ದಿರಿ ಎಂದು. ಗಾಳಿ ಅವಳ ಕುತ್ತಿಗೆಗೆ ಬೀಸುತ್ತದೆ ಎಂದು ಬೈಯುತ್ತಿದ್ದಳು, ಅದಕ್ಕೆ ಎಂದೆ. ಯಾರು ಎಂದು ಆಕೆ ಕೇಳುವ ಮೊದಲೇ ಮಗಳು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು. ಆಕೆ ಪೈಪನ್ನು ಸುತ್ತಿ ಇಟ್ಟಳು. ಆಮೇಲೆ ಹೇಳಿದಳು, ಅಂಗಾತ ಮಲಗಿದರೆ ಗದ್ದ ಕೆಳಗೆ ಬೀಳುತ್ತದೆ, ಬಾಯಿ ತೆರೆಯುತ್ತದೆ, ಬೈದವರು ನಿಮಗೆ ಒಳ್ಳೆಯದೇ ಮಾಡಿದ್ದರು.

ಡಾಕ್ಟರು ಮೂಗಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಊದಿಕೊಂಡಿದೆ, ಮೂಗಿನಿಂದ ಸಾಕಷ್ಟು ಉಸಿರು ಬಾರದಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ ಎಂದರು. ನೆಗಡಿಯಾ ಎಂದು ಕೇಳಿದರು. ಇಲ್ಲ ಎಂದೆ. ರಾತ್ರಿ ಅತ್ತು ಊದಿದ ಮೂಗು ಎಂದು ಅವರು ಅರ್ಥ ಮಾಡಿಕೊಂಡರು ಅನ್ನಿಸಿತು. ಮೂಗನ್ನು ಉಪ್ಪುನೀರಿನಿಂದ ತೊಳೆಯಲು ಹೇಳಿ, ಒಂದು ಸ್ಪ್ರೇ ಬರೆದುಕೊಟ್ಟರು. ಡಬ್ಬಿಯ ನೀರಿನ ಬಿಸಿ ಸ್ವಲ್ಪ ಹೆಚ್ಚಿಸಿದರು. ಮೂಗು, ಬಾಯಿ ಎರಡನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟರು. ಅದರಲ್ಲಿ ಬಾಯಿ ತೆರೆದರೂ ಗಾಳಿ ಹೊರಗೆ ಹೋಗುವುದಿಲ್ಲ. ಗದ್ದದ ಅಡಿಗೆ ಏನೂ ಬರುವುದಿಲ್ಲ, ಅದನ್ನು ಮಗಳು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಖಾತ್ರಿ ಮಾಡಿಕೊಂಡಳು. ನಾನು ಅಲ್ಲೇ ಹಾಕಿ ತೋರಿಸಿದಾಗ ಅವಳು, "ಫೈಟರ್ ಪೈಲಟ್. ಥೋಡಾ ಮೋಟಾ" ಎಂದಳು. ಸ್ವಲ್ಪ ದಪ್ಪ ಇದ್ದೇನೆ, ನಿಜ.

ದೊಡ್ಡ ಮಾಸ್ಕಿಗೆ ಹೊಂದಿಕೊಳ್ಳಲು ಸಮಯ ಹಿಡಿಯಿತು. ಮೊದಮೊದಲು ಉಸಿರುಗಟ್ಟಿದ ಹಾಗೆ ಆಗಿ ಕಿತ್ತು ಹಾಕುತ್ತಿದ್ದೆ. ಆಕೆ ಹೇಳಿಕೊಟ್ಟ ಹಾಗೆ ಸಂಜೆ ಟಿ.ವಿ. ನೋಡುವಾಗ ಅದನ್ನು ಹಾಕಿಕೊಂಡು ಕೂರತೊಡಗಿದೆ. ಸಕ್ಕರೆ ಕೇಳಲು ಬಂದ ದೊಡ್ಡಮ್ಮ ನನ್ನನ್ನು ನೋಡಿ, "ಎಂತ ಮಾರಾಯಾ, ಮನೆಯಲ್ಲಿ ಕೂತು ಆಕಾಶಕ್ಕೆ ಹೋಗ್ಲಿಕ್ಕೆ ಹೊರಟದ್ದಾ?" ಎಂದರು. ಮಾಸ್ಕಿನ ಒಳಗಿನಿಂದ ಉತ್ತರ ಹೇಳಲು ಆಗಲಿಲ್ಲ, ಕೈಯಾಡಿಸಿದೆ. ಬೆನ್ನ ಹಿಂದೆ ಒಂದು ಕಂಬಳಿ ಸುರುಳಿ ಸುತ್ತಿ ಇಟ್ಟುಕೊಂಡು ಬದಿಗೆ ಮಲಗುವುದನ್ನೂ ಮತ್ತೆ ಕಲಿತೆ. ಬಾಯಿ ಒಣಗುವುದು ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ನಾಲಿಗೆ ಅಂಟುವುದು ನಿಂತಿತು. ಆಮೇಲೆ ತುಟಿಯ ಬಿರುಕು ಮಾಯಿತು. ಈಗಲೂ ಮೂಗು ಕಟ್ಟಿದ ದಿನ ಸ್ವಲ್ಪ ಒಣಗುತ್ತದೆ, ಒಂದು ಗುಟುಕು ನೀರಿಗೆ ಸರಿಹೋಗುತ್ತದೆ.

ಹೀಗೆ ಒಂದು ಬೆಳಿಗ್ಗೆ ಮಗಳು ಹೊರಗಿನಿಂದ "ಪಪ್ಪಾ?" ಎಂದಾಗ, "ಎದ್ದೆ ಮಗಾ, ಚಹಾ ಇಡ್ತೀಯಾ, ನಾನೇ ಇಡ್ಲಾ?" ಎಂದು ಪೂರ್ತಿ ವಾಕ್ಯ ಹೊರಟಿತು. ಸ್ವಲ್ಪ ಹೊತ್ತಿಗೆ ಅವಳು ಫೋನ್ ಹಿಡಿದುಕೊಂಡು ಒಳಗೆ ಬಂದಳು.

"ಫಿರ್ ಸೇ ಬೋಲೋ."

"ಎಂತ ಹೇಳುದು?"

"ಅದೇ. ಚಹಾ ಇಡ್ಲಾ ಅಂತ."

ಹೇಳಿದೆ. ಅವಳು ರೆಕಾರ್ಡ್ ಮಾಡಿಕೊಂಡಳು. ಯಾಕೆ ಎಂದು ಕೇಳಿದೆ. "ಇರ್ಲಿ ನನ್ನ ಹತ್ರ" ಎಂದಳು.

ಮುಂದಿನ ಭಾನುವಾರ ನಾವಿಬ್ಬರೂ ಕೂತು ಅವಳ ತಾಯಿಯ ಧ್ವನಿಯನ್ನು ಹುಡುಕಿದೆವು. ನನ್ನ ಫೋನು, ಮಗಳ ಫೋನು, ಹೆಂಡತಿಯದೇ ಫೋನು. ಫೋಟೋಗಳಿದ್ದವು. ಮದುವೆಮನೆಯ ವಿಡಿಯೋಗಳಲ್ಲಿ ಅವಳು ಹಾದು ಹೋಗುತ್ತಾಳೆ, ಮೇಲೆ ಬ್ಯಾಂಡಿನ ಗದ್ದಲ. ವಾಟ್ಸಾಪಿನಲ್ಲಿ ದೇವರ ಚಿತ್ರಗಳು, ಶುಭೋದಯಗಳು, ಇದು ತರಲಾ ಎಂದು ಕೇಳಲು ಕಳಿಸಿದ ಬದನೆಕಾಯಿಯ ಫೋಟೋಗಳು. ಧ್ವನಿ ಕಳಿಸುವುದು ಅವಳಿಗೆ ಸರಿಬರುತ್ತಿರಲಿಲ್ಲ, ಹೇಳುವುದಿದ್ದರೆ ಫೋನ್ ಮಾಡಿಯೇ ಹೇಳುತ್ತಿದ್ದಳು. ಊರಿನಲ್ಲಿರುವ ಅವಳ ಅಣ್ಣನನ್ನು ಕೇಳಿದೆವು, ಅವಳ ಅಕ್ಕನ ಮಕ್ಕಳನ್ನು ಕೇಳಿದೆವು. ನೋಡಿ ಹೇಳುತ್ತೇವೆ ಎಂದರು, ನೋಡಿದರು, ಇಲ್ಲ ಎಂದರು.

ನಾನು ಈಗ ಪ್ರತಿ ರಾತ್ರಿ ಮಿಷನ್ ಹಾಕುತ್ತೇನೆ. ಮಗಳು ಬೆಳಿಗ್ಗೆ ಕರೆಯುವುದನ್ನು ಬಿಟ್ಟಿಲ್ಲ, ಆದರೆ ಬಾಗಿಲ ಹತ್ತಿರ ನಿಲ್ಲುವುದಿಲ್ಲ, ಅಡಿಗೆ ಮನೆಯಿಂದಲೇ ಕರೆಯುತ್ತಾಳೆ. ನಾನು ಅಲ್ಲಿಗೆ ಕೇಳುವ ಹಾಗೆ ಉತ್ತರ ಕೊಡುತ್ತೇನೆ. ನಮ್ಮ ಹತ್ತಿರ ಅವಳ ತಾಯಿಯ ಧ್ವನಿ ಇಲ್ಲ.